ಡಾಕ್ ಎಡ್ಜರ್ಟನ್ ಮತ್ತು ನಮ್ಮ ಮುನ್ನೂರು ರೂಪಾಯಿ ಫ್ಲ್ಯಾಶ್

ಮದುವೆ ಮನೆಯಲ್ಲಿ ಧಾರೆ ಎರೆಯುವ ಹೊತ್ತಿಗೆ ಫಳ್ ಅಂತ ಹೊಳೆಯುವ ಫ್ಲ್ಯಾಶ್ ಯಾರಿಗೆ ಗೊತ್ತಿಲ್ಲ? ಆದರೆ ಅದನ್ನು ಮಾಡಿದವರು ಯಾರು ಅಂತ ಕೇಳಿದರೆ ನಮ್ಮ ಎಲೆಕ್ಟ್ರಿಕಲ್ ಬ್ರಾಂಚಿನವರೇ ತಲೆ ಕೆರೆದುಕೊಳ್ತಾರೆ. ಎಡಿಸನ್ ಗೊತ್ತು, ಟೆಸ್ಲಾ ಗೊತ್ತು, ಇಬ್ಬರೂ ಹಾಸ್ಟೆಲ್ ಗೋಡೆಯ ಪೋಸ್ಟರಿನಲ್ಲಿದ್ದಾರೆ. ಹೆರಾಲ್ಡ್ ಎಡ್ಜರ್ಟನ್ ಅಂದರೆ ಮಾತ್ರ ಮೌನ. ಗುಂಡೊಂದು ಸೇಬಿನ ಹಣ್ಣನ್ನು ಸೀಳಿಕೊಂಡು ಹೋಗುತ್ತಿರುವ ಚಿತ್ರವನ್ನೋ, ಹಾಲಿನ ಹನಿ ಬಿದ್ದು ಕಿರೀಟದ ಹಾಗೆ ಎದ್ದಿರುವ ಚಿತ್ರವನ್ನೋ ತೋರಿಸಿದರೆ, ಓ ಇದಾ, ನೋಡಿದ್ದೀವಲ್ಲ ಅಂತಾರೆ. ಆ ಚಿತ್ರಗಳ ಯಜಮಾನರೇ ಈ ಎಡ್ಜರ್ಟನ್. ಪಾಠ ಕಲಿತ ಹುಡುಗರೂ ಜೊತೆ ಕೆಲಸ ಮಾಡಿದವರೂ ಅವರನ್ನು ಕರೆಯುತ್ತಿದ್ದದ್ದು ಡಾಕ್ ಅಂತ. ನಾವೂ ಹಾಗೇ ಕರೆಯೋಣ.

ನಮ್ಮ ಕಡೆಯವರ ಬಗ್ಗೆ ಯಾಕೆ ಬರೆಯಲಿಲ್ಲ ಅಂತ ಕೆಲವರು ಕೇಳಬಹುದು. ಪಕ್ಕದ ಸಂಡೂರಿನ ಎಂ.ವೈ. ಘೋರ್ಪಡೆ ಅವರು ಮಂತ್ರಿಯಾಗಿದ್ದುಕೊಂಡೇ ದೊಡ್ಡ ವನ್ಯಜೀವಿ ಛಾಯಾಗ್ರಾಹಕರೂ ಆಗಿದ್ದರು. ಅವರ ಬಗ್ಗೆ ಬೇರೆಯದೇ ಒಂದು ಲೇಖನ ಆಗಬೇಕು, ಮಾಡ್ತೀವಿ. ಈ ಸಲ ಮಾತ್ರ ಡಾಕ್ ಸರದಿ. ಕಾರಣ, ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಮೊಳಕಾಲ್ಮುರು ತಾಲೂಕಿನ ರಾಂಪುರದಲ್ಲಿ, ಗೆಳೆಯನ ಮನೆಯಲ್ಲಿ, ಒಂದು ಹಳೇ ಫ್ಲ್ಯಾಶ್ ಬಿಚ್ಚಿಕೊಂಡು ಕೂತಿದ್ದೆವು. ಅದರ ಒಳಗೆ ಏನೇನಿದೆ ಅಂತ ಹುಡುಕುತ್ತಾ ಹೋದರೆ ಪ್ರತಿ ದಾರಿಯೂ ಈ ಮನುಷ್ಯನ ಹತ್ತಿರವೇ ಬಂದು ನಿಲ್ಲುತ್ತಿತ್ತು.

ಡಾಕ್ ಹುಟ್ಟಿದ್ದು 1903ರ ಏಪ್ರಿಲ್ 6ರಂದು, ಅಮೆರಿಕದ ನೆಬ್ರಾಸ್ಕಾ ರಾಜ್ಯದ ಫ್ರೀಮಾಂಟ್‌ನಲ್ಲಿ. ಬೆಳೆದದ್ದು ಅದೇ ರಾಜ್ಯದ ಅರೋರಾ ಎಂಬ ಸಣ್ಣ ಊರಿನಲ್ಲಿ. ಸುತ್ತ ಬಯಲು, ಜೋಳದ ಹೊಲ, ಒಂದು ಮುಖ್ಯ ರಸ್ತೆ. ಬಳ್ಳಾರಿ ಕಡೆಯಿಂದ ಚಳ್ಳಕೆರೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ಅಂಥ ಊರು ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಜೋಳದ ಬದಲು ಶೇಂಗಾ ಅಂದುಕೊಂಡರೆ ಆಯ್ತು. ಅಪ್ಪ ಫ್ರಾಂಕ್ ಎಡ್ಜರ್ಟನ್ ವಕೀಲರು. ಅಪ್ಪನ ಒಡಹುಟ್ಟಿದ ರಾಲ್ಫ್ ಫೋಟೋ ಸ್ಟುಡಿಯೋ ಇಟ್ಟಿದ್ದರು. ಹುಡುಗನಿಗೆ ಕ್ಯಾಮೆರಾ ಹಿಡಿಯೋದು, ಫಿಲಂ ತೊಳೆಯೋದು ಅಲ್ಲೇ ಅಭ್ಯಾಸವಾಯಿತು. ಮನೆಯಲ್ಲೇ ಒಂದು ಡಾರ್ಕ್ ರೂಂ ಮಾಡಿಕೊಂಡ. ರಜೆ ಬಂತು ಅಂದರೆ ಊರಿನ ವಿದ್ಯುತ್ ಕಂಪನಿಯಲ್ಲಿ ಕೆಲಸ. ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದು ಕೈಯಲ್ಲಿ ಕರೆಂಟು. ಮುಂದೆ ಬದುಕಿನುದ್ದಕ್ಕೂ ಅವರು ಮಾಡಿದ್ದು ಈ ಎರಡನ್ನು ಕೂಡಿಸುವ ಕೆಲಸವನ್ನೇ.

1925ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದಿಂದ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪದವಿ, ಒಂದು ವರ್ಷ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಕೆಲಸ, ಆಮೇಲೆ ಎಂಐಟಿ. 1927ಕ್ಕೆ ಮಾಸ್ಟರ್ಸ್, 1931ಕ್ಕೆ ಡಾಕ್ಟರೇಟ್. ನಡುವೆ 1928ರಲ್ಲಿ ಎಸ್ತರ್ ಗ್ಯಾರೆಟ್ ಅವರ ಜೊತೆ ಮದುವೆ. ರೆಸ್ಯೂಮೆ ಇಷ್ಟೇ. ನಿಜವಾದ ಕಥೆ ಇರೋದು ಅವರ ಡಾಕ್ಟರೇಟಿನ ವಿಷಯದಲ್ಲಿ: ಸಿಂಕ್ರೋನಸ್ ಮೋಟಾರು.

ಮೆಷೀನ್ಸ್ ಪೇಪರ್ ಬರೆದವರಿಗೆ ಇದು ಗೊತ್ತು. ಸಿಂಕ್ರೋನಸ್ ಮೋಟಾರಿನ ರೋಟರ್, ಸುತ್ತುವ ಕಾಂತಕ್ಷೇತ್ರಕ್ಕೆ ಅಂಟಿಕೊಂಡ ಹಾಗೆ ಅದರ ಜೊತೆಗೇ ಸುತ್ತುತ್ತೆ. ಹೊರೆ ಹೆಚ್ಚಾದರೆ ಸ್ವಲ್ಪ ಹಿಂದೆ ಜಗ್ಗುತ್ತೆ, ಆದರೆ ಕೈ ಬಿಡಲ್ಲ. ಹೊರೆ ಒಮ್ಮೆಲೆ ಬದಲಾದರೆ ಆ ಕೋನ ಉಯ್ಯಾಲೆಯ ಹಾಗೆ ಹಿಂದೆ ಮುಂದೆ ತೂಗುತ್ತೆ. ಪವರ್ ಗ್ರಿಡ್ ದೊಡ್ಡದಾಗುತ್ತಿದ್ದ ಕಾಲ ಅದು. ಈ ತೂಗಾಟ ಜಾಸ್ತಿಯಾದರೆ ಯಂತ್ರ ಕೈ ಬಿಟ್ಟು ಹೊರಗೆ ಬೀಳುತ್ತೆ, ಜೊತೆಗೆ ಊರಿನ ಕರೆಂಟೂ ಹೋಗುತ್ತೆ. ಸಮೀಕರಣ ಬರೆಯಬಹುದು, ಆದರೆ ನಿಮಿಷಕ್ಕೆ ಸಾವಿರ ಚಿಲ್ಲರೆ ಸುತ್ತು ಹೊಡೆಯುವ ರೋಟರಿನಲ್ಲಿ ಆ ಕೋನವನ್ನು ಕಣ್ಣಿನಿಂದ ನೋಡೋದು ಹೇಗೆ?

ಲ್ಯಾಬಿನಲ್ಲಿ ಪಾದರಸದ ಆವಿ ತುಂಬಿದ ಟ್ಯೂಬುಗಳಿದ್ದವು. ಅವು ವಿದ್ಯುತ್ತಿನ ಲಯಕ್ಕೆ ತಕ್ಕ ಹಾಗೆ ಮಿನುಗುತ್ತಿದ್ದವು. ಆ ಮಿನುಗು ಬೆಳಕು ಬಿದ್ದ ಕಡೆ ಓಡುತ್ತಿದ್ದ ಮೋಟಾರಿನ ಭಾಗಗಳು ನಿಂತ ಹಾಗೆ ಕಂಡವು. ಅದೇ ಬೆಳಕಿನಲ್ಲಿ ಎಷ್ಟೋ ಜನ ಓಡಾಡಿರುತ್ತಾರೆ. ಡಾಕ್ ನಿಂತು ನೋಡಿದರು.

ಇದನ್ನು ನೀವು ಊರಿನಲ್ಲೇ ನೋಡಬಹುದು. ಹಳೇ ಚೋಕಿನ ಟ್ಯೂಬ್‌ಲೈಟ್ 50 ಹರ್ಟ್ಝ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತೆ. ಅದರ ಕೆಳಗೆ ನಾಲ್ಕು ಪೋಲಿನ ಮೋಟಾರ್ ಓಡಿಸಿ, ಶಾಫ್ಟಿನ ತುದಿಗೆ ನಾಲ್ಕು ಬಿಳಿ ಗೆರೆ ಎಳೆದ ರಟ್ಟಿನ ಬಿಲ್ಲೆ ಅಂಟಿಸಿ. ಮೋಟಾರು ಸರಿಯಾಗಿ ನಿಮಿಷಕ್ಕೆ 1500 ಸುತ್ತು ಓಡಿದರೆ ಸೆಕೆಂಡಿಗೆ 25 ಸುತ್ತು, ಸುತ್ತಿಗೆ ನಾಲ್ಕು ಮಿನುಗು. ಗೆರೆಗಳು ನಿಂತೇ ಬಿಡುತ್ತವೆ. ಇಂಡಕ್ಷನ್ ಮೋಟಾರ್ ಆದರೆ ಸ್ಲಿಪ್ ಇರುತ್ತಲ್ಲ, 1440ರಲ್ಲಿ ಓಡುತ್ತಿದ್ದರೆ ಗೆರೆಗಳು ನಿಮಿಷಕ್ಕೆ 60 ಸುತ್ತಿನಂತೆ ಹಿಂದಕ್ಕೆ ಹೋಗುವ ಹಾಗೆ ಕಾಣುತ್ತವೆ. ಲ್ಯಾಬ್ ಮ್ಯಾನುಯಲ್‌ನಲ್ಲಿ ಸ್ಟ್ರೋಬೋಸ್ಕೋಪಿಕ್ ವಿಧಾನ ಅಂತ ಒಂದು ಪುಟ ಇದೆಯಲ್ಲ, ಅದು ಇದೇ.

ಸ್ಟ್ರೋಬೋಸ್ಕೋಪನ್ನು ಡಾಕ್ ಕಂಡುಹಿಡಿಯಲಿಲ್ಲ, ಆ ಹೆಸರು 19ನೇ ಶತಮಾನದ್ದು. ಆಗ ತೂತು ಕೊರೆದ ಬಿಲ್ಲೆ ತಿರುಗಿಸಿ ನೋಡುತ್ತಿದ್ದರು. ಡಾಕ್ ಮಾಡಿದ್ದೇನಂದರೆ, ಬಿಲ್ಲೆಯ ಬದಲು ಬೆಳಕನ್ನೇ ತುಂಡು ತುಂಡು ಮಾಡಿದರು. ಕೆಪಾಸಿಟರಿನಲ್ಲಿ ಚಾರ್ಜ್ ತುಂಬಿಸಿ, ಅದನ್ನು ಅನಿಲದ ಟ್ಯೂಬಿನ ಮೂಲಕ ಬೇಕೆಂದ ಕ್ಷಣದಲ್ಲಿ ಒಮ್ಮೆಲೆ ಸುರಿಯೋದು. ಅಷ್ಟೇ. ಮೊದಲು ಪಾದರಸದ ಆವಿ, ಆಮೇಲೆ ಆರ್ಗಾನ್, ಕೊನೆಗೆ ಕ್ಸೆನಾನ್. ಕ್ಸೆನಾನಿನ ಬೆಳಕು ಹಗಲಿನ ಬೆಳಕಿಗೆ ಹತ್ತಿರ. ಇವತ್ತಿಗೂ ಸ್ಟುಡಿಯೋ ಫ್ಲ್ಯಾಶುಗಳಲ್ಲಿ ಇರೋದು ಅದೇ.

ಕೆನೆತ್ ಜರ್ಮೆಸ್‌ಹೌಸನ್ ಮತ್ತು ಹರ್ಬರ್ಟ್ ಗ್ರಿಯರ್ ಎಂಬಿಬ್ಬರು ಜೊತೆಯಾದರು. ಮೂವರೂ ಸೇರಿ ಕಾರ್ಖಾನೆ ಕಾರ್ಖಾನೆ ತಿರುಗಿ, ಓಡುವ ಯಂತ್ರದಲ್ಲಿ ಏನು ಕೆಟ್ಟಿದೆ ಅಂತ ಓಡುತ್ತಿರುವಾಗಲೇ ನೋಡುವ ದೀಪ ಇದೆ ಅಂತ ತೋರಿಸಿಕೊಟ್ಟರು. ಜನರಲ್ ರೇಡಿಯೋ ಕಂಪನಿ ಅದನ್ನು ಸ್ಟ್ರೋಬೋಟ್ಯಾಕ್ ಅನ್ನುವ ಹೆಸರಲ್ಲಿ ಮಾರಿತು. ನೂಲಿನ ಕದಿರು ಎಷ್ಟು ಸುತ್ತು ಹೊಡೆಯುತ್ತಿದೆ, ಎಲ್ಲಿ ನಡುಗುತ್ತಿದೆ ಅಂತ ಬಟ್ಟೆ ಗಿರಣಿಯವರು ನೋಡಿಕೊಳ್ಳಬಹುದಿತ್ತು. ಮೊಳಕಾಲ್ಮುರಿನ ರೇಷ್ಮೆ ಮಗ್ಗದ ಮುಂದೆ ಕೂತವರಿಗೆ ಲಾಳಿಯ ಓಟ ಕಿವಿಯಲ್ಲೇ ಗೊತ್ತಾಗುತ್ತೆ, ಅವರಿಗೆ ದೀಪ ಬೇಕಿಲ್ಲ. ಗಿರಣಿಯಲ್ಲಿ ಸಾವಿರ ಕದಿರು ಒಟ್ಟಿಗೆ ಕಿರುಚುವಾಗ ಕಿವಿ ಕೆಲಸಕ್ಕೆ ಬರಲ್ಲ.

ಮೋಟಾರಿನಿಂದ ಡಾಕ್ ಕಣ್ಣು ಎತ್ತಿದ್ದು ಯಾವಾಗ ಅನ್ನೋದಕ್ಕೆ ಒಂದು ಸಾಕ್ಷಿ ಇದೆ. 1932ರಲ್ಲಿ ತೆಗೆದ, ನಲ್ಲಿಯಿಂದ ಬೀಳುವ ನೀರಿನ ಚಿತ್ರ. ಆ ಕಡೆಗೆ ದೀಪ ತಿರುಗಿಸಿದ್ದೇ ತಡ, ದಾರದ ಹಾಗೆ ಕಾಣುತ್ತಿದ್ದ ನೀರು ಗಾಜಿನ ಶಿಲ್ಪವಾಗಿ ನಿಂತಿತು. ಅಲ್ಲಿಂದ ಮುಂದೆ ಫ್ಯಾನು, ಗಾಲ್ಫ್ ಚೆಂಡು, ಹಾರುವ ಝೇಂಕಾರದ ಹಕ್ಕಿ, ಒಡೆಯುವ ಬಲೂನು, ಹಗ್ಗದಾಟ ಆಡುವ ಹುಡುಗಿ ಯಾವುದನ್ನೂ ಬಿಡಲಿಲ್ಲ. ಮತ್ತೆ ಹಾಲು.

ಹಾಲಿನ ಹನಿಯ ಹುಚ್ಚು ಅವರಿಗಿಂತ ಮೊದಲೇ ಒಬ್ಬರಿಗೆ ಹಿಡಿದಿತ್ತು. ಇಂಗ್ಲೆಂಡಿನ ಆರ್ಥರ್ ವರ್ದಿಂಗ್ಟನ್ ಎಂಬ ವಿಜ್ಞಾನಿ ವಿದ್ಯುತ್ ಕಿಡಿಯ ಬೆಳಕಿನಲ್ಲಿ ಹನಿ ಸಿಡಿಯುವುದನ್ನು ಅಧ್ಯಯನ ಮಾಡಿ 1908ರಲ್ಲಿ ಪುಸ್ತಕ ತಂದಿದ್ದರು. ಡಾಕ್ ಅದನ್ನೇ ಮುಂದುವರಿಸಿದರು. 1936ರಲ್ಲಿ ಒಂದು ಒಳ್ಳೆಯ ಕಪ್ಪು ಬಿಳುಪು ಕಿರೀಟ ಸಿಕ್ಕಿತು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 1937ರ ಛಾಯಾಚಿತ್ರ ಪ್ರದರ್ಶನದಲ್ಲಿ ಅವರ ಚಿತ್ರ ಇಟ್ಟಿತು. ಬೇರೆಯವರಾಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದರು. ಡಾಕ್‌ಗೆ ಸಮಾಧಾನ ಇಲ್ಲ. ಹಲ್ಲುಗಳೆಲ್ಲ ಸಮ ಅಂತರದಲ್ಲಿರುವ ಕಿರೀಟ ಬೇಕು ಅಂತ ವರ್ಷಗಟ್ಟಲೆ ಹನಿ ಬೀಳಿಸುತ್ತಲೇ ಇದ್ದರು. ಇವತ್ತು ಎಲ್ಲರೂ ನೋಡಿರುವ, ಕೆಂಪು ಹಿನ್ನೆಲೆಯ ಬಣ್ಣದ ಚಿತ್ರ ಬಂದದ್ದು 1957ರಲ್ಲಿ. ಶುರು ಮಾಡಿ ಇಪ್ಪತ್ತು ವರ್ಷದ ಮೇಲೆ! ನಮ್ಮಲ್ಲಿ ಪ್ರಾಜೆಕ್ಟ್ ರಿಪೋರ್ಟಿಗೆ ಇಪ್ಪತ್ತು ದಿನ ಕೊಟ್ಟರೂ ಕೊನೆಯ ರಾತ್ರಿಯೇ ಬರೆಯೋದು, ಇರಲಿ.

ಈಗ ರಾಂಪುರದ ಫ್ಲ್ಯಾಶಿನ ವಿಷಯ. ಊರಿನ ಸ್ಟುಡಿಯೋದ ಅಣ್ಣ ಅಟ್ಟದ ಮೇಲಿಂದ ಇಳಿಸಿ ಕೊಟ್ಟದ್ದು, ನಾಲ್ಕು ಪೆನ್ಸಿಲ್ ಸೆಲ್ಲಿನ ಹಳೇ ಮಾಲು, ಮುನ್ನೂರು ರೂಪಾಯಿ. ನಾಯಕನಹಟ್ಟಿ ಜಾತ್ರೆಯಲ್ಲಿ ಎಷ್ಟೋ ವರ್ಷ ದುಡಿದದ್ದಂತೆ. ಅದರಲ್ಲಿ ಡಾಕ್ ಕಟ್ಟಿದ ಸರ್ಕ್ಯೂಟೇ ಚಿಕ್ಕದಾಗಿ ಕೂತಿದೆ. ಸೆಲ್ಲಿನ 6 ವೋಲ್ಟನ್ನು ಒಂದು ಆಸಿಲೇಟರ್ ಮತ್ತು ಪುಟ್ಟ ಟ್ರಾನ್ಸ್‌ಫಾರ್ಮರ್ ಸೇರಿ 330 ವೋಲ್ಟಿನವರೆಗೆ ಏರಿಸುತ್ತವೆ, ಸುಂಯ್ ಅಂತ ಕೇಳಿಸುತ್ತಲ್ಲ ಅದು ಆ ಸದ್ದು. ಕೆಪಾಸಿಟರ್ ತುಂಬುತ್ತೆ. ಬಟನ್ ಒತ್ತಿದರೆ ಇನ್ನೊಂದು ಟ್ರಿಗರ್ ಟ್ರಾನ್ಸ್‌ಫಾರ್ಮರ್ ಕೆಲವು ಸಾವಿರ ವೋಲ್ಟಿನ ಒಂದು ಸಣ್ಣ ಏಟು ಕೊಟ್ಟು ಟ್ಯೂಬಿನೊಳಗಿನ ಕ್ಸೆನಾನನ್ನು ಅಯಾನೀಕರಿಸುತ್ತೆ, ದಾರಿ ತೆರೆದ ತಕ್ಷಣ ಕೆಪಾಸಿಟರಿನ ಚಾರ್ಜೆಲ್ಲ ಅದರ ಮೂಲಕ ಹರಿದು ಬೆಳಕಾಗುತ್ತೆ.

ನಮಗೆ ಹಾಲಿನ ಹನಿ ಬೇಕಿತ್ತು. 50 ಸೆಂಟಿಮೀಟರ್ ಎತ್ತರದಿಂದ ಬಿದ್ದ ಹನಿ ತಟ್ಟೆ ಮುಟ್ಟುವಾಗ ಸೆಕೆಂಡಿಗೆ 3.1 ಮೀಟರ್ ವೇಗದಲ್ಲಿರುತ್ತೆ. ಈ ಫ್ಲ್ಯಾಶ್ ಪೂರ್ತಿ ಹೊಳೆದರೆ ಬೆಳಕು ಇರೋದು ಸುಮಾರು ಒಂದು ಮಿಲಿಸೆಕೆಂಡ್. ಅಷ್ಟರಲ್ಲಿ ಹನಿ 3 ಮಿಲಿಮೀಟರ್ ಜಾರಿರುತ್ತೆ, ಅಂದರೆ ಚಿತ್ರ ಮಸುಕು. ಬೆಳಕಿನ ಅವಧಿ ಕಡಿಮೆ ಆಗಬೇಕು. ಇದಕ್ಕೆ ಡಾಕ್ ದಾರಿ ಬಹಳ ಸರಳ: ಕೆಪಾಸಿಟರ್ ಚಿಕ್ಕದು ಮಾಡು, ಬೆಳಕು ಸಾಲದೇ ಬಂದರೆ ವೋಲ್ಟೇಜ್ ಏರಿಸು. ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತೆ, ಅವಧಿ ಕೆಪಾಸಿಟೆನ್ಸಿಗೆ ತಕ್ಕಂತೆ ಇಳಿಯುತ್ತೆ. ವೋಲ್ಟೇಜ್ ದುಪ್ಪಟ್ಟಾದರೆ ಕಾಲು ಭಾಗದ ಕೆಪಾಸಿಟರ್ ಸಾಕು.

ವೋಲ್ಟೇಜ್ ಏರಿಸುವ ಸಾಹಸ ನಮಗೆ ಬೇಡ ಅನ್ನಿಸಿತು. ಕೆಪಾಸಿಟರ್ ಮಾತ್ರ ಬದಲಾಯಿಸಿದೆವು. ಒಳಗಿದ್ದದ್ದು 680 ಮೈಕ್ರೋಫ್ಯಾರಡ್. ಕೆಟ್ಟ ಕಂಪ್ಯೂಟರಿನ ಎಸ್‌ಎಂಪಿಎಸ್‌ನಿಂದ ಕಿತ್ತ 47 ಮೈಕ್ರೋಫ್ಯಾರಡ್, 400 ವೋಲ್ಟಿನದನ್ನು ಆ ಜಾಗಕ್ಕೆ ಬೆಸೆದೆವು. 350 ವೋಲ್ಟಿನದು ಸಾಲದು, ಚಿಕ್ಕ ಕೆಪಾಸಿಟರ್ ಆದರೆ ಬೇಗ ತುಂಬಿ ವೋಲ್ಟೇಜ್ 330 ದಾಟಿಬಿಡಬಹುದು. ಶಕ್ತಿ 37 ಜೂಲ್ ಇದ್ದದ್ದು ಎರಡೂವರೆ ಜೂಲಿಗೆ ಇಳಿಯಿತು. ಅವಧಿ ಲೆಕ್ಕದ ಪ್ರಕಾರ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದ ಆಸುಪಾಸು. ಅಷ್ಟರಲ್ಲಿ ಹನಿ ಜಾರೋದು 0.3 ಮಿಲಿಮೀಟರ್. ಸಾಕು.

ಇಲ್ಲಿ ಒಂದು ಮಾತು, ಜೂನಿಯರ್‌ಗಳು ಗಮನವಿಟ್ಟು ಓದಿ. ಸೆಲ್ ತೆಗೆದ ಮೇಲೂ ಆ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್ ಡಿಸಿ ದಿನಗಟ್ಟಲೆ ಕೂತಿರಬಹುದು. ಆಟದ ಸಾಮಾನಲ್ಲ ಅದು, ಎದೆಯ ಮೂಲಕ ಹಾದರೆ ಜೀವಕ್ಕೇ ಅಪಾಯ. ಸ್ಕ್ರೂಡ್ರೈವರ್ ಇಟ್ಟು ಚಟ್ ಅನ್ನಿಸುವ ಶೂರತನ ಬೇಡ, ಕಿಡಿ ಸಿಡಿದು ಕಣ್ಣಿಗೆ ಬೀಳುತ್ತೆ. 10 ಕಿಲೋ ಓಮಿನ, 10 ವ್ಯಾಟಿನ ರೆಸಿಸ್ಟರಿಗೆ ಎರಡು ಇನ್ಸುಲೇಟೆಡ್ ವೈರು ಬೆಸೆದು ಕೆಪಾಸಿಟರಿನ ಎರಡೂ ಕಾಲಿಗೆ ಹಿಡಿಯಬೇಕು. 680 ಮೈಕ್ರೋಫ್ಯಾರಡಿಗೆ ಟೈಮ್ ಕಾನ್‌ಸ್ಟಂಟ್ 6.8 ಸೆಕೆಂಡ್, ಅದರ ಐದು ಪಟ್ಟು ಅಂದರೆ ಅರ್ಧ ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ. ಆಮೇಲೆ ಮೀಟರ್ ಇಟ್ಟು ನೋಡಿ, ಎರಡು ಮೂರು ವೋಲ್ಟಿಗೆ ಇಳಿದಿದ್ದರೆ ಮಾತ್ರ ಕೈ ಹಾಕಿ. ಒಬ್ಬರೇ ಕೂತು ಮಾಡಬೇಡಿ. ಇನ್ನೊಂದು, ಇಂಥ ಹಳೇ ಫ್ಲ್ಯಾಶುಗಳ ಕಾಲಿನಲ್ಲಿ, ಅಂದರೆ ಕ್ಯಾಮೆರಾಕ್ಕೆ ಸಿಕ್ಕಿಸುವ ಜಾಗದಲ್ಲೇ, 200 ವೋಲ್ಟಿಗೂ ಹೆಚ್ಚು ಇರಬಹುದು. ನಮ್ಮ ಮೀಟರ್ 220 ತೋರಿಸಿತು. ಈಗಿನ ಡಿಜಿಟಲ್ ಕ್ಯಾಮೆರಾಕ್ಕೆ ನೇರ ಸಿಕ್ಕಿಸಿದರೆ ಮೂವತ್ತು ಸಾವಿರದ ಕ್ಯಾಮೆರಾ ಮುನ್ನೂರರ ಫ್ಲ್ಯಾಶಿಗೆ ಬಲಿ. ಅದಕ್ಕೇ ನಾವು ಅದನ್ನು ಕ್ಯಾಮೆರಾಕ್ಕೆ ಸಿಕ್ಕಿಸಲೇ ಇಲ್ಲ, ನಡುವೆ ಆಪ್ಟೋಕಪ್ಲರ್ ಮತ್ತು ಒಂದು ಎಸ್‌ಸಿಆರ್ ಇಟ್ಟು ಆರ್ಡುಯಿನೋದಿಂದ ಹೊಡೆಸಿದೆವು.

ಹನಿಗೆ ಮೆಡಿಕಲ್ ಶಾಪಿನ ಡ್ರಿಪ್ ಸೆಟ್. ಗಾಲಿ ತಿರುಗಿಸಿದರೆ ಹನಿ ಎಷ್ಟು ಬೇಕೋ ಅಷ್ಟು. ಹನಿಯ ಬಾಯಿಂದ 10 ಸೆಂಟಿಮೀಟರ್ ಕೆಳಗೆ ಲೇಸರ್ ಪಾಯಿಂಟರ್, ಎದುರಿಗೆ ಫೋಟೋ ಟ್ರಾನ್ಸಿಸ್ಟರ್. ಹನಿ ಕಿರಣ ಕಡಿದ ಮೇಲೆ ತಟ್ಟೆ ಮುಟ್ಟಲು 176 ಮಿಲಿಸೆಕೆಂಡ್, ಕಿರೀಟ ಏಳೋಕೆ ಇನ್ನೊಂದು ಹತ್ತು ಹದಿನೈದು. ರಾತ್ರಿ, ದೀಪ ಆರಿಸಿದ ಕೋಣೆ, ಕ್ಯಾಮೆರಾದ ಶಟರ್ ಎರಡು ಸೆಕೆಂಡ್ ತೆರೆದೇ ಇರುತ್ತೆ. ಚಿತ್ರ ತೆಗೆಯೋದು ಶಟರ್ ಅಲ್ಲ, ಫ್ಲ್ಯಾಶು. ಇದೂ ಡಾಕ್ ಹೇಳಿಕೊಟ್ಟ ವಿಧಾನವೇ. ಎಮ್ಮೆ ಹಾಲಿಗೆ ಸ್ವಲ್ಪ ನೀರು ಬೆರೆಸಿದರೆ ಹಲ್ಲು ಚೆನ್ನಾಗಿ ಬರುತ್ತವೆ ಅಂತ ಎರಡನೇ ರಾತ್ರಿ ಗೊತ್ತಾಯಿತು. ಹಾಲು ಚೆಲ್ಲೋದು ನೋಡಿ ಗೆಳೆಯನ ಅಜ್ಜಿಗೆ ಸಂಕಟ. ಚಿತ್ರ ತೋರಿಸಿದ ಮೇಲೆ ಮಾತ್ರ, ಇದು ಹಾಲಾ ಅಂತ ಮತ್ತೆ ಮತ್ತೆ ಕೇಳಿ, ಮರುದಿನ ಅವರೇ ಒಂದು ಲೋಟ ಎತ್ತಿಟ್ಟಿದ್ದರು.

ಡಾಕ್ ಚಿತ್ರಗಳೂ ಜನರಿಗೆ ಹಾಗೇ ಹಿಡಿಸಿದವು. 1939ರಲ್ಲಿ ಜೇಮ್ಸ್ ಕಿಲಿಯನ್ ಜೊತೆ ಸೇರಿ ಚಿತ್ರಗಳ ಪುಸ್ತಕ ತಂದರು. 1940ರಲ್ಲಿ ಅವರ ಪ್ರಯೋಗಗಳ ಮೇಲೆ ಎಂಜಿಎಂ ಒಂದು ಕಿರುಚಿತ್ರ ಮಾಡಿತು, ಅದಕ್ಕೆ ಆಸ್ಕರ್ ಬಂತು. ಸಿಂಕ್ರೋನಸ್ ಮೋಟಾರಿನ ಮೇಷ್ಟ್ರಿಗೆ ಆಸ್ಕರ್ ನಂಟು! ತಾನು ಕಲಾವಿದ ಅಂತ ಮಾತ್ರ ಅವರು ಒಪ್ಪಲಿಲ್ಲ, ತಾನೊಬ್ಬ ಇಂಜಿನಿಯರ್, ತನಗೆ ಬೇಕಿರೋದು ಮಾಹಿತಿ ಅನ್ನೋ ನಿಲುವು ಕೊನೆವರೆಗೂ. ನಮಗೇನೋ ಇದು ಅರ್ಧ ಸತ್ಯ ಅನ್ನಿಸುತ್ತೆ. ಬರೀ ಮಾಹಿತಿ ಬೇಕಿದ್ದವರು ಒಂದು ಕಿರೀಟಕ್ಕೆ ಇಪ್ಪತ್ತು ವರ್ಷ ಕಾಯಲ್ಲ.

ಯುದ್ಧ ಬಂತು. ರಾತ್ರಿ ಹೊತ್ತು ವಿಮಾನದಿಂದ ನೆಲದ ಚಿತ್ರ ತೆಗೆಯಬೇಕು ಅಂತ ಅಮೆರಿಕದ ವಾಯುಪಡೆಯ ಜಾರ್ಜ್ ಗೊಡ್ಡಾರ್ಡ್ 1939ರಲ್ಲೇ ಡಾಕ್ ಬಳಿ ಬಂದಿದ್ದರು. ಅಂಗೈಯಲ್ಲಿ ಹಿಡಿಯುವ ಫ್ಲ್ಯಾಶನ್ನು ಬಾಂಬರ್ ವಿಮಾನದ ಹೊಟ್ಟೆ ತುಂಬುವಷ್ಟು ದೊಡ್ಡದು ಮಾಡಿದರು, ಕೆಪಾಸಿಟರುಗಳ ರಾಶಿಯೇ ಬೇಕಾಯಿತು. 1944ರಲ್ಲಿ ಇಂಗ್ಲೆಂಡಿನ ಸ್ಟೋನ್‌ಹೆಂಜ್ ಮೇಲೆ ರಾತ್ರಿ ಹಾರಿಸಿ ಪರೀಕ್ಷೆ ಮಾಡಿದರು. ಸಾವಿರಾರು ವರ್ಷದ ಕಲ್ಲುಗಳು ಒಂದು ಕ್ಷಣ ಬೆಳಗಿ ನೆರಳು ಚೆಲ್ಲಿದ ಆ ಚಿತ್ರ ಬಹಳ ಸುಂದರವಾಗಿದೆ. ನಾರ್ಮಂಡಿಯಲ್ಲಿ ಸೈನ್ಯ ಇಳಿಯುವ ಹಿಂದಿನ ರಾತ್ರಿ ಇದೇ ಫ್ಲ್ಯಾಶಿನ ಬೆಳಕಿನಲ್ಲಿ ಶತ್ರು ಪಡೆ ಎಲ್ಲಿದೆ, ರಸ್ತೆಯಲ್ಲಿ ಓಡಾಟ ಇದೆಯಾ ಅಂತ ನೋಡಿದರು. 1946ರಲ್ಲಿ ಡಾಕ್‌ಗೆ ಮೆಡಲ್ ಆಫ್ ಫ್ರೀಡಂ ಕೊಟ್ಟರು.

ಮುಂದಿನ ಭಾಗ ಬರೆಯುವಾಗ ನಮ್ಮಲ್ಲೇ ಜಗಳ ಆಯಿತು. 1947ರಲ್ಲಿ ಡಾಕ್, ಜರ್ಮೆಸ್‌ಹೌಸನ್, ಗ್ರಿಯರ್ ಮೂವರ ಹೆಸರಿನ ಮೊದಲ ಅಕ್ಷರ ಸೇರಿಸಿ ಇಜಿಜಿ ಅನ್ನುವ ಕಂಪನಿ ಶುರುವಾಯಿತು. ಅದರ ದೊಡ್ಡ ಗಿರಾಕಿ ಅಮೆರಿಕದ ಅಣುಶಕ್ತಿ ಆಯೋಗ. ಅಣುಬಾಂಬ್ ಪರೀಕ್ಷೆಗಳಲ್ಲಿ ಸಮಯ ಹಿಡಿಯುವ, ಸಿಡಿಸುವ ವ್ಯವಸ್ಥೆ ಅವರದ್ದು. ಜೊತೆಗೆ ಚಿತ್ರ. ಬಾಂಬಿಗೆ ಫ್ಲ್ಯಾಶ್ ಬೇಕಿಲ್ಲ, ಅದೇ ಸೂರ್ಯನ ಹಾಗೆ ಬೆಳಗುತ್ತೆ. ಬೇಕಿರೋದು ಶಟರ್, ಅದೂ ಯಾವ ಯಂತ್ರದ ಎಲೆಯೂ ಅಷ್ಟು ಬೇಗ ತೆರೆದು ಮುಚ್ಚಲಾರದಂಥದ್ದು. ಡಾಕ್ ತಂಡ ಮಾಡಿದ ರಾಪಟ್ರಾನಿಕ್ ಕ್ಯಾಮೆರಾದಲ್ಲಿ ಅಲುಗುವ ಭಾಗವೇ ಇಲ್ಲ. ಅಡ್ಡಡ್ಡ ಇಟ್ಟ ಎರಡು ಪೋಲರೈಸರುಗಳ ನಡುವೆ ಒಂದು ಗಾಜಿನ ತುಂಡು, ಅದರ ಸುತ್ತ ತಂತಿ ಸುರುಳಿ. ಸಾಮಾನ್ಯವಾಗಿ ಬೆಳಕು ದಾಟಲ್ಲ. ಸುರುಳಿಯಲ್ಲಿ ದೊಡ್ಡ ಕರೆಂಟ್ ಹರಿದ ಕ್ಷಣ ಫ್ಯಾರಡೆ ಪರಿಣಾಮದಿಂದ ಬೆಳಕಿನ ಕಂಪನದ ದಿಕ್ಕು ತಿರುಗಿ ದಾರಿ ಬಿಡುತ್ತೆ. ಮೈಕ್ರೋಸೆಕೆಂಡುಗಳ ಲೆಕ್ಕ. ಒಂದು ಕ್ಯಾಮೆರಾಗೆ ಒಂದೇ ಚಿತ್ರ, ಹಾಗಾಗಿ ಸಾಲಾಗಿ ಇಟ್ಟು ಒಂದಾದ ಮೇಲೊಂದು ತೆರೆಸುತ್ತಿದ್ದರು. ಮೈಲಿಗಟ್ಟಲೆ ದೂರದಿಂದ ತೆಗೆದ ಆ ಚಿತ್ರಗಳಲ್ಲಿ ಬೆಂಕಿಯ ಉಂಡೆ ಇನ್ನೂ ಗೋಪುರದ ಮೇಲೇ ಇದೆ. ಗೋಪುರವನ್ನು ಎಳೆದು ಕಟ್ಟಿದ ಹಗ್ಗಗಳ ಗುಂಟ ಬೆಂಕಿ ಕೋರೆಹಲ್ಲಿನ ಹಾಗೆ ಕೆಳಗೆ ಚಾಚಿದೆ.

ಆ ಚಿತ್ರ ನೋಡಿ ನಮ್ಮಲ್ಲಿ ಒಬ್ಬ, ಇಂಜಿನಿಯರಿಂಗ್ ಅಂದರೆ ಇದು ಅಂದ. ಇನ್ನೊಬ್ಬಳು ಲ್ಯಾಪ್‌ಟಾಪ್ ಮುಚ್ಚಿದಳು. ಹಾಲಿನ ಹನಿ ನೋಡಿದ ಕಣ್ಣೇ ಇದನ್ನೂ ನೋಡಿದ್ದು, ಅದೇ ಕುತೂಹಲ, ಅದೇ ಲೆಕ್ಕ. ಆ ಕೆಲಸದ ಬಗ್ಗೆ ಡಾಕ್ ಬಹಿರಂಗವಾಗಿ ಮರುಗಿದ ಹಾಗೆ ನಾವು ಎಲ್ಲೂ ಓದಲಿಲ್ಲ, ದೇಶ ಕೇಳಿತು, ಮಾಡಿಕೊಟ್ಟೆವು ಅನ್ನೋ ಕಾಲದ ಮನುಷ್ಯ. ಇದು ನಮಗೆ ದೂರದ ಮಾತೂ ಅಲ್ಲ. ಚಳ್ಳಕೆರೆ ಸುತ್ತಿನ ಅಮೃತ ಮಹಲ್ ಕಾವಲಿನಲ್ಲಿ ಐಐಎಸ್‌ಸಿ, ಇಸ್ರೋ, ಡಿಆರ್‌ಡಿಒ, ಬಾರ್ಕ್ ಎಲ್ಲ ಬಂದಿವೆ. ಕುರಿ ಮೇಯಿಸುತ್ತಿದ್ದವರು ಹುಲ್ಲುಗಾವಲು ಹೋಯಿತು ಅಂತ ಹೋರಾಟ ಮಾಡಿದರು. ರಾಂಪುರದ ನಮ್ಮ ಗೆಳೆಯನಿಗೆ ಅಲ್ಲಿ ಕೆಲಸ ಸಿಗಲಿ ಅಂತ ಮನೆಯವರ ಹರಕೆ, ಅವನ ಕಡೆಯವರೇ ಕೆಲವರು ಆ ಕಾವಲಿನಲ್ಲಿ ಕುರಿ ಕಾಯ್ದವರು. ಎರಡನ್ನೂ ಒಂದೇ ಮನೆಯಲ್ಲಿ ಕೇಳಿಸಿಕೊಂಡು ಬಂದೆವು. ಡಾಕ್ ಬಗ್ಗೆ ನಮ್ಮ ಜಗಳ ಇನ್ನೂ ಮುಗಿದಿಲ್ಲ, ಹಾಗಾಗಿ ಈ ಪ್ಯಾರಾವನ್ನು ನಾಲ್ಕೂ ಜನ ಒಪ್ಪಿದ ಮಟ್ಟಿಗೆ ಮಾತ್ರ ಬರೆದಿದ್ದೇವೆ.

1953ರಿಂದ ಡಾಕ್ ಬದುಕು ನೀರಿಗಿಳಿಯಿತು. ಫ್ರಾನ್ಸಿನ ಸಮುದ್ರ ಶೋಧಕ ಜ್ಯಾಕ್ ಕೂಸ್ಟೊ ಅವರ ಕ್ಯಾಲಿಪ್ಸೊ ಹಡಗಿನಲ್ಲಿ ಬೇಸಿಗೆ ಬೇಸಿಗೆ ಹೋಗತೊಡಗಿದರು. ಹಡಗಿನವರು ಇಟ್ಟ ಹೆಸರು ಪಾಪಾ ಫ್ಲ್ಯಾಶ್. ಆಳದ ಕತ್ತಲಿನಲ್ಲಿ ಒತ್ತಡ ತಡೆಯುವ ಉಕ್ಕಿನ ಡಬ್ಬಿಯೊಳಗೆ ಕ್ಯಾಮೆರಾ, ಇನ್ನೊಂದರಲ್ಲಿ ಫ್ಲ್ಯಾಶ್. 1956ರಲ್ಲಿ ಅಟ್ಲಾಂಟಿಕ್ ಸಾಗರದ ರೊಮಾಂಶ್ ಕಂದಕದಲ್ಲಿ 7 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹಗ್ಗ ಬಿಟ್ಟು ಚಿತ್ರ ತೆಗೆದರು.

ಅಲ್ಲಿ ಒಂದು ಕಷ್ಟ ಎದುರಾಯಿತು. ಕ್ಯಾಮೆರಾ ತಳದಿಂದ ಎಷ್ಟು ಮೇಲಿದೆ ಅಂತ ಗೊತ್ತಾಗೋದು ಹೇಗೆ? ತುಂಬ ಮೇಲಿದ್ದರೆ ಬೆಳಕು ನೀರಿನಲ್ಲೇ ಚದುರಿ ಹೋಗುತ್ತೆ, ಕೆಳಗಿಳಿದರೆ ಕೆಸರಿಗೆ ಬೀಳುತ್ತೆ. ಡಾಕ್ ಬೆಳಕಿನ ಫ್ಲ್ಯಾಶಿನ ಬದಲು ಸದ್ದಿನ ಫ್ಲ್ಯಾಶ್ ಮಾಡಿದರು. ಅದೇ ಕೆಪಾಸಿಟರ್, ಅದೇ ಒಮ್ಮೆಲೆ ಸುರಿಯುವ ಉಪಾಯ, ಈ ಸಲ ಟ್ಯೂಬಿನ ಬದಲು ಟಕ್ ಅನ್ನುವ ಸಾಧನ. ಪ್ರತಿಧ್ವನಿ ಬಂದ ಸಮಯದಿಂದ ದೂರ ಲೆಕ್ಕ ಹಾಕೋದು. ಅದೇ ಬೆಳೆದು, ಹಡಗಿನ ಪಕ್ಕದ ತಳವನ್ನೆಲ್ಲ ಗುಡಿಸಿ ನೋಡುವ ಸೈಡ್ ಸ್ಕ್ಯಾನ್ ಸೋನಾರ್, ತಳದ ಮಣ್ಣಿನೊಳಗೂ ಇಣುಕುವ ಸೋನಾರ್ ಆಯಿತು. 1862ರಲ್ಲಿ ಮುಳುಗಿದ್ದ ಅಮೆರಿಕದ ಕಬ್ಬಿಣದ ಯುದ್ಧನೌಕೆ ಮಾನಿಟರ್ 1973ರಲ್ಲಿ ಸಿಕ್ಕಿದ್ದು ಡಾಕ್ ಇದ್ದ ತಂಡಕ್ಕೆ. ಅದೇ ವರ್ಷ ನ್ಯಾಷನಲ್ ಮೆಡಲ್ ಆಫ್ ಸೈನ್ಸ್ ಕೂಡ ಬಂತು. ಎಪ್ಪತ್ತು ವರ್ಷ ವಯಸ್ಸಿನಲ್ಲಿ ಹಡಗಿನ ಮೇಲೆ ನಿಂತು ಯಂತ್ರ ಬಿಚ್ಚುತ್ತಿದ್ದ ಮನುಷ್ಯ.

ಇಷ್ಟೆಲ್ಲದರ ನಡುವೆ ಪಾಠ ಬಿಡಲಿಲ್ಲ. ಸೇಬಿನ ಚಿತ್ರ ತೆಗೆದದ್ದು 1964ರಲ್ಲಿ. ಎಂಐಟಿಯಲ್ಲಿ ಸೇಬಿನ ಸಾಸ್ ಮಾಡೋದು ಹೇಗೆ ಅಂತ ತಮಾಷೆಯ ಹೆಸರಿಟ್ಟು ಉಪನ್ಯಾಸದಲ್ಲಿ ತೋರಿಸುತ್ತಿದ್ದರು. ಗುಂಡು ಸೆಕೆಂಡಿಗೆ 800 ಮೀಟರಿಗೂ ಹೆಚ್ಚು ವೇಗದಲ್ಲಿ ಹೋಗುತ್ತೆ, ಬೆಳಕು ಇದ್ದದ್ದು ಮೈಕ್ರೋಸೆಕೆಂಡಿಗಿಂತಲೂ ಕಡಿಮೆ. ಗುಂಡಿನ ಸದ್ದನ್ನು ಮೈಕ್ ಹಿಡಿದು ಫ್ಲ್ಯಾಶ್ ಹೊಡೆಸುತ್ತೆ. ನಮ್ಮ ಲೇಸರಿನ ಬದಲು ಮೈಕು, ಅಷ್ಟೇ ವ್ಯತ್ಯಾಸ. ಆ ಚಿತ್ರ ನೋಡಿದಾಗೆಲ್ಲ ಜನ ಗಮನಿಸೋದು ಗುಂಡನ್ನು. ಒಳ ಹೋದ ಕಡೆಯೂ ಹೊರ ಬಂದ ಕಡೆಯೂ ಸೇಬು ಒಂದೇ ರೀತಿ ಸಿಡಿದಿದೆ ಅನ್ನೋದನ್ನು ನೋಡಿ, ಅದೇ ಅಲ್ಲಿನ ಪಾಠ.

ತನಗೆ ಗೊತ್ತಿದ್ದದ್ದನ್ನು ಬಚ್ಚಿಡುವ ಅಭ್ಯಾಸ ಅವರಿಗಿರಲಿಲ್ಲ. ಲ್ಯಾಬಿನ ಬಾಗಿಲಿಗೆ ಬಂದ ಯಾರನ್ನೇ ಆಗಲಿ ಒಳಗೆ ಕರೆದು ತೋರಿಸುತ್ತಿದ್ದರು. ತಮ್ಮ ಚಿತ್ರಗಳ ಪೋಸ್ಟ್ ಕಾರ್ಡ್ ಜೇಬಿನಲ್ಲಿಟ್ಟುಕೊಂಡು ಸಿಕ್ಕವರಿಗೆಲ್ಲ ಹಂಚುತ್ತಿದ್ದರು. ಗಿಟಾರ್ ಬಾರಿಸುತ್ತಿದ್ದರು. ಎಂಐಟಿಯಲ್ಲಿ ಅವರ ಲ್ಯಾಬಿನ ಓಣಿಗೆ ಸ್ಟ್ರೋಬ್ ಆಲಿ ಅಂತಲೇ ಹೆಸರು ಬಿತ್ತು. ಅಲ್ಲಿ ನೀರಿನ ಹನಿಗಳನ್ನು ಗಾಳಿಯಲ್ಲಿ ನಿಲ್ಲಿಸುವ, ಬೇಕಾದರೆ ಮೇಲಕ್ಕೂ ಹತ್ತಿಸುವ ಒಂದು ಯಂತ್ರ ಇದೆ. ಮಿನುಗಿನ ವೇಗವನ್ನು ಹನಿಯ ವೇಗಕ್ಕಿಂತ ಒಂದು ಕೂದಲೆಳೆ ಹೆಚ್ಚಿಸಿದರೆ ಹನಿ ಮೇಲೆ ಹೋದ ಹಾಗೆ ಕಾಣುತ್ತೆ. ಮೀನಿನ ತೊಟ್ಟಿಯ ಪಂಪು, ಒಂದು ಎಲ್‌ಇಡಿ, ಒಂದು 555 ಟೈಮರ್ ಇದ್ದರೆ ನಮ್ಮ ಟೆಕ್ ಫೆಸ್ಟಿಗೂ ಇದನ್ನು ಮಾಡಬಹುದು. ಕೈ ಜೋಡಿಸೋರು ಹೇಳಿ.

1990ರ ಜನವರಿ 4ರಂದು, ಎಂಐಟಿಯ ಅಧ್ಯಾಪಕರ ಊಟದ ಮನೆಯಲ್ಲಿ ಡಾಕ್ ಹಠಾತ್ತಾಗಿ ತೀರಿಕೊಂಡರು. ವಯಸ್ಸು 86. ಹೆಸರಿಗೆ ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಲ್ಯಾಬಿಗೆ ಬರೋದು ನಿಂತಿರಲಿಲ್ಲ. ರಾಂಪುರದ ಫ್ಲ್ಯಾಶ್ ಈಗ ನಮ್ಮ ಹಾಸ್ಟೆಲಿನ 3ನೇ ಮಹಡಿಯಲ್ಲಿದೆ, 47 ಮೈಕ್ರೋಫ್ಯಾರಡ್ ಹಾಗೇ ಇದೆ, ಹಳೇ 680 ಕೂಡ ಡಬ್ಬಿಯಲ್ಲಿ ಎತ್ತಿಟ್ಟಿದ್ದೇವೆ. ಬೇಕಾದವರು ಕೇಳಿ ತೆಗೆದುಕೊಂಡು ಹೋಗಬಹುದು, ರೆಸಿಸ್ಟರ್ ಜೊತೆಗೆ.